‘ಕ್ಲೀನ್ ಅಪ್’ನಲ್ಲಿರುವ ಆ ‘ಅಪ್’ಗೆ ಕನ್ನಡವೇನು?

ನಮ್ಮ ಅಪಾರ್ಟ್‌ಮೆಂಟಿನ ಸೂಚನಾ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ಹೆಚ್ಚಿನವು ಅರ್ಧ ಗಂಟೆಯಲ್ಲಿ ಮುಗಿದವು. ಎರಡು ಮಾತ್ರ ವಾರದಿಂದ ಕಾಡುತ್ತಿವೆ. ಒಂದು ಸಮಾರಂಭದ ಹಾಲಿನದು: ‘ಪ್ಲೀಸ್ ಕ್ಲೀನ್ ಅಪ್ ಆಫ್ಟರ್ ಯುವರ್‌ಸೆಲ್ಫ್’. ಇನ್ನೊಂದು ನಾಯಿ ತಿರುಗಾಡಿಸುವ ಜಾಗದ್ದು: ‘ಕ್ಲೀನ್ ಅಪ್ ಆಫ್ಟರ್ ಯುವರ್ ಡಾಗ್’. ಫೋನಿಗೆ ಕೇಳಿದರೆ ‘ನಿಮ್ಮ ನಂತರ ಸ್ವಚ್ಛಗೊಳಿಸಿ’ ಎಂದಿತು. ‘ನಿಮ್ಮ ನಂತರ’ ಅಂದರೆ ನಮ್ಮಲ್ಲಿ ಆಸ್ತಿ ಹಂಚುವ ಮಾತು! ಅದನ್ನು ಹಾಲಿನ ಬಾಗಿಲಿಗೆ ಹಾಕಿದರೆ ಬಂದ ನೆಂಟರು ಹೆದರಿಕೊಳ್ಳುತ್ತಾರೆ.

‘ಸ್ವಚ್ಛಗೊಳಿಸು’ ಎಂಬುದರ ಮೇಲೂ ನನಗೆ ಅನುಮಾನವಿದೆ. ಇದು ಸುತ್ತೋಲೆಯ ಕನ್ನಡ. ನಮ್ಮಮ್ಮ ಜೀವಮಾನದಲ್ಲಿ ಒಮ್ಮೆಯೂ ಮನೆಯನ್ನು ‘ಸ್ವಚ್ಛಗೊಳಿಸಿದವಳಲ್ಲ’. ಕಸ ಗುಡಿಸಿದಳು, ನೆಲ ಒರೆಸಿದಳು, ಅಂಗಳ ಸಾರಿಸಿದಳು, ಪಾತ್ರೆ ಬೆಳಗಿದಳು, ಒಲೆ ಬಳಿದಳು, ಹಾಸಿಗೆ ಕೊಡವಿದಳು, ಹಬ್ಬದ ಮುಂಚೆ ಇಲ್ಲಣ ತೆಗೆದಳು. ಧಾರವಾಡದ ಕಡೆ ಹೋದರೆ ಕಸ ‘ಹೊಡೆಯುತ್ತಾರೆ’, ಭಾಂಡೆ ‘ತಿಕ್ಕುತ್ತಾರೆ’, ಜೋಳ ‘ಹಸನು ಮಾಡುತ್ತಾರೆ’. ಕೆರೆಯಾದರೆ ಹೂಳೆತ್ತುವುದು, ಹೊಲವಾದರೆ ಕಳೆ ತೆಗೆಯುವುದು, ಅಕ್ಕಿಯಾದರೆ ಕೇರುವುದು, ಆರಿಸುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷಿನ ಒಂದೇ ‘ಕ್ಲೀನ್ ಅಪ್’ ಸಾಲುತ್ತದೆ. ನಮಗೆ ಯಾವ ಕೊಳೆ, ಎಲ್ಲಿದೆ, ಕೈ ಹೇಗೆ ಆಡಬೇಕು ಎಂಬುದು ಗೊತ್ತಾಗದೆ ಕ್ರಿಯಾಪದವೇ ಹೊರಡುವುದಿಲ್ಲ. ಊಟಕ್ಕೆ ಮೊದಲು ಮಗುವಿಗೆ ‘ಗೋ ಕ್ಲೀನ್ ಯುವರ್‌ಸೆಲ್ಫ್ ಅಪ್’ ಎನ್ನುವ ಕಡೆ ನಾವು ‘ಹೋಗು, ಕೈಕಾಲು ಮುಖ ತೊಳ್ಕೊಂಡು ಬಾ’ ಎನ್ನುತ್ತೇವೆ. ಅಂಗಾಂಗಗಳ ಪಟ್ಟಿಯೇ ಬೇಕು!

ಇನ್ನು ‘ಅಪ್’. ಮೇಲೆ ಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಇವುಗಳಲ್ಲೆಲ್ಲ ಅದು ಹೇಳುವುದು ಪೂರ್ತಿ ಮುಗಿಸುವುದನ್ನು. ನಮ್ಮಲ್ಲಿ ಆ ಕೆಲಸವನ್ನು ಮಾಡುವುದು ‘ಬಿಡು’, ‘ಹಾಕು’, ‘ಇಡು’ ಎಂಬ ಬಾಲಗಳು: ತಿಂದುಬಿಡು, ಕುಡಿದುಬಿಡು, ಒರೆಸಿಹಾಕು. ಆದರೆ ನಮ್ಮ ಬಾಲಗಳು ‘ಅಪ್’ಗಿಂತ ಸೂಕ್ಷ್ಮ. ‘ಗುಡಿಸಿಬಿಡು’ ಎಂದರೆ ಬೇಗ ಮುಗಿಸು, ತಲೆನೋವು ಕಳೆಯಲಿ ಎಂಬ ಧ್ವನಿ. ‘ಗುಡಿಸಿಹಾಕು’ ಎಂದರೆ ಆ ಕಸದ ಮೇಲೆ ಸ್ವಲ್ಪ ಸಿಟ್ಟೂ ಇದೆ. ‘ಗುಡಿಸಿಡು’ ಎಂದರೆ ಆಮೇಲೆ ಯಾರೋ ಬರುವವರಿದ್ದಾರೆ, ಅವರಿಗಾಗಿ ಸಿದ್ಧವಿರಲಿ ಎಂದು. ಈ ಮೂರನೆಯದು ನನ್ನ ಫಲಕಕ್ಕೆ ಹತ್ತಿರ ಬರುತ್ತದೆ ಎನಿಸಿತು.

ಹತ್ತಿರದ ಮಾತುಗಳನ್ನೂ ಬೇರ್ಪಡಿಸಿ ನೋಡಿದೆ. ‘ಕ್ಲೀನ್ ಅಪ್’ನಲ್ಲಿ ಕೊಳೆ ಹೋಗಬೇಕು. ‘ಟೈಡಿ ಅಪ್’ನಲ್ಲಿ ಕೊಳೆ ಇರಲೇಬೇಕೆಂದಿಲ್ಲ, ಸಾಮಾನು ತನ್ನ ಜಾಗಕ್ಕೆ ಸೇರಿದರೆ ಸಾಕು. ಈ ‘ಟೈಡಿ’ ಹುಟ್ಟಿದ್ದು ‘ಟೈಡ್’ನಿಂದ, ಅದರ ಹಳೆಯ ಅರ್ಥ ಹೊತ್ತು, ಕಾಲ. ಮೊದಲು ‘ಸಕಾಲಕ್ಕೆ ಬಂದ’ ಎಂದಿದ್ದದ್ದು ನಿಧಾನವಾಗಿ ‘ನೀಟಾದ’ ಎಂದಾಯಿತು. ನಮ್ಮ ‘ಓರಣ’ದ ಮೂಲದಲ್ಲಿರುವುದು ಸಾಲು. ಅವರಿಗೆ ಹೊತ್ತಿಗೆ ಸರಿಯಾಗಿರುವುದು ನೀಟು, ನಮಗೆ ಸಾಲಿಗೆ ಸರಿಯಾಗಿರುವುದು. ‘ಚೊಕ್ಕ’ ಸಂಸ್ಕೃತದ ‘ಚೋಕ್ಷ’ದಿಂದ ಬಂದದ್ದು, ಶುದ್ಧವಾದದ್ದು ಎಂದು ಅರ್ಥ. ಹಾಗಾಗಿ ಚಿನ್ನವೂ ಚೊಕ್ಕ, ಅಡುಗೆಮನೆಯೂ ಚೊಕ್ಕ. ‘ಅಚ್ಚುಕಟ್ಟು’ ಬಳಸೋಣವೆಂದರೆ ನನ್ನಂಥ ಮಂಡ್ಯದ ಕಡೆಯವರಿಗೆ ಮೊದಲು ನೆನಪಾಗುವುದು ನಾಲೆಯ ನೀರು ಹಾಯುವ ಗದ್ದೆ ಬಯಲು. ‘ಕ್ಲಿಯರ್ ಅಪ್’ನಲ್ಲಿ ಅಡ್ಡ ಬಂದದ್ದು ಸರಿಯುತ್ತದೆ, ಗೊಂದಲವಾಗಲಿ, ಗಂಟಲಿನ ಸೋಂಕಾಗಲಿ, ಮೋಡವಾಗಲಿ. ಮೋಡದ ವಿಷಯಕ್ಕೆ ಮಲೆನಾಡಿನವರ ಹತ್ತಿರ ಚೆಂದದ ಮಾತೊಂದಿದೆ: ‘ಮಳೆ ಹೊಳವಾಯ್ತು’, ಅಂದರೆ ಮಳೆ ನಿಂತು ಬಾನು ತಿಳಿಯಾಯ್ತು. ಇದನ್ನು ಯಾವ ಸೊಸೈಟಿ ಫಲಕದಲ್ಲೂ ಬಳಸಲಾಗದು ಎಂಬುದಷ್ಟೇ ಬೇಸರ.

ದುಡ್ಡಿನ ಕಡೆ ಹೊರಳಿದರೆ ಇನ್ನೂ ಮಜ. ‘ಹೀ ಕ್ಲೀನ್ಡ್ ಅಪ್’ ಎಂದರೆ ಭರ್ಜರಿ ಲಾಭ ಹೊಡೆದ. ನಾವು ‘ಬಾಚಿಕೊಂಡ’ ಎನ್ನುತ್ತೇವೆ. ಬಾಚುವುದು ತಲೆಯನ್ನು ಒಪ್ಪ ಮಾಡುವ ಕೆಲಸವೂ ಹೌದಲ್ಲ! ಇಲ್ಲಿ ಮಾತ್ರ ಎರಡು ಭಾಷೆಗಳು ಯಾರನ್ನೂ ಕೇಳದೆ ಒಂದೇ ದಾರಿ ಹಿಡಿದಿವೆ. ಪೂರ್ತಿ ಖಾಲಿಯಾದರೆ ‘ಗುಡಿಸಿ ಗುಂಡಾಂತರ’ ಇದ್ದೇ ಇದೆ. ಅಮೆರಿಕದ ಬೇಸ್‌ಬಾಲಿನಲ್ಲಿ ನಾಲ್ಕನೆಯವನಾಗಿ ಆಡಲು ಬರುವ ದಾಂಡಿಗನನ್ನು ‘ಕ್ಲೀನಪ್ ಹಿಟರ್’ ಎನ್ನುವುದೂ ಇದೇ ಜಾಡು. ಮೊದಲ ಮೂವರು ಬೇಸ್‌ಗಳಲ್ಲಿ, ಅಂದರೆ ಓಟದ ನಡುವಿನ ತಂಗುದಾಣಗಳಲ್ಲಿ, ನಿಂತಿದ್ದರೆ, ಇವನು ಒಂದು ದೊಡ್ಡ ಹೊಡೆತದಿಂದ ಎಲ್ಲರನ್ನೂ ಓಟ ಮುಗಿಸುವಂತೆ ಮಾಡಿ ಬೇಸ್‌ಗಳನ್ನು ಖಾಲಿ ಮಾಡಬೇಕು. ‘ಕ್ಲೀನ್ ಅಪ್ ಯುವರ್ ಆಕ್ಟ್’ಗೆ ‘ನೆಟ್ಟಗಾಗು’ ಎಂದರೆ ಮುಗಿಯಿತು. ನಮ್ಮ ಬ್ಯೂಟಿ ಪಾರ್ಲರುಗಳ ‘ಕ್ಲೀನಪ್’ ಮಾತ್ರ ಈಗ ಪೂರ್ತಿ ಕನ್ನಡದ ನಾಮಪದ. ಫೇಶಿಯಲ್‌ಗಿಂತ ಕಡಿಮೆ ಹೊತ್ತು, ಕಡಿಮೆ ದುಡ್ಡು. ಅದನ್ನು ಅನುವಾದಿಸಲು ಹೊರಡುವವರಿಗೆ ಕೈಮುಗಿದೆ.

ಮತ್ತೆ ಫಲಕಕ್ಕೆ ಬರುತ್ತೇನೆ. ಆ ‘ಆಫ್ಟರ್’ ಹೇಳುವುದು ನಂತರ ಎಂದಲ್ಲ, ನೀನು ಮಾಡಿದ್ದನ್ನು ನೀನೇ ತೆಗೆ ಎಂದು. ಕನ್ನಡದಲ್ಲಿ ಆ ಭಾರವನ್ನು ಹೊರುವುದು ‘ನೀವೇ’ ಎಂಬುದರ ಏಕಾರ. ಇನ್ನು ಕ್ರಿಯಾಪದ ‘ಎತ್ತು’. ಊಟವಾದ ಮೇಲೆ ಎಲೆ ಎತ್ತುತ್ತೇವೆ, ಎಂಜಲು ಎತ್ತುತ್ತೇವೆ, ಮಕ್ಕಳಿಗೆ ‘ಆಟದ ಸಾಮಾನು ಎತ್ತಿಡು’ ಎನ್ನುತ್ತೇವೆ. ಇಂಗ್ಲಿಷಿನವರು ‘ಅಪ್’ ಎಂದು ಬಾಯಲ್ಲಿ ಹೇಳಿದ್ದನ್ನು ನಾವು ನಿಜವಾಗಿಯೇ ಬಗ್ಗಿ ಎತ್ತುತ್ತೇವೆ. ನಾಯಿಯ ಫಲಕಕ್ಕೆ ಹೀಗೆ ಬರೆದೆ: ‘ನಾಯಿ ಗಲೀಜು ಮಾಡಿದರೆ ಕರೆತಂದವರೇ ಎತ್ತಬೇಕು’. ಸಮಿತಿಯವರಿಗೆ ಸ್ವಲ್ಪ ಒರಟೆನಿಸಿತು, ‘ದಯವಿಟ್ಟು’ ಸೇರಿಸಿ ಎಂದರು. ಸೇರಿಸಲಿಲ್ಲ. ಆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದವನು ನಾನು.

ಹಾಲಿನ ಫಲಕಕ್ಕೆ ‘ಬಳಸಿದ ಮೇಲೆ ಚೊಕ್ಕ ಮಾಡಿಡಿ’ ಎಂದು ಬರೆದುಕೊಂಡಿದ್ದೇನೆ, ಇನ್ನೂ ಮನಸ್ಸಿಗೆ ಕೂತಿಲ್ಲ. ಹಾಲಿನಲ್ಲಿ ಎಂಜಲೆಲೆ, ಬಲೂನಿನ ಚೂರು, ಚೆಲ್ಲಿದ ಸಾರು, ಅಡ್ಡಾದಿಡ್ಡಿ ಕುರ್ಚಿ ಎಲ್ಲ ಇರುತ್ತವೆ. ಗುಡಿಸುವುದು, ಒರೆಸುವುದು, ಎತ್ತಿಡುವುದು ಮೂರೂ ಆಗಬೇಕು. ‘ಚೊಕ್ಕ ಮಾಡಿ’ ಎಂದರೆ ಕುರ್ಚಿ ಬಿಟ್ಟುಹೋಗುತ್ತದೆ, ‘ಒಪ್ಪ ಮಾಡಿ’ ಎಂದರೆ ಸಾರು ಬಿಟ್ಟುಹೋಗುತ್ತದೆ. ಮದುವೆ ಮನೆ ಮುಗಿದ ಮಾರನೆಯ ದಿನ ಎಲ್ಲರೂ ಸೇರಿ ಮಾಡುವ ಆ ಒಟ್ಟು ಕೆಲಸಕ್ಕೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಒಂದೇ ಪದವಿದೆಯೇ? ಹಿರಿಯರ ಬಾಯಲ್ಲಿ ಕೇಳಿದ್ದಾದರೆ ಇನ್ನೂ ಒಳ್ಳೆಯದು. ಫಲಕ ಬರೆಯುವವನು ಬುಧವಾರ ಬರುತ್ತಾನೆ.