ಅಜ್ಜನ ಟ್ರಂಕಿನ ಗೌಟ್ ಮಾತ್ರೆ

ಪ್ರಶ್ನೆ (ಡೊಂಬಿವಲಿ): ಅಣ್ಣ, ನಮ್ಮ ಅಜ್ಜ ಮುಂಬಯಿಯ ಫೋರ್ಟ್‌ನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಮೊನ್ನೆ ಅವರ ಟ್ರಂಕ್ ಬಿಚ್ಚಿದಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಮೇಲೆ ಇಂಗ್ಲಿಷಿನಲ್ಲಿ ‘ಗೌಟ್ ಅಂಡ್ ರುಮ್ಯಾಟಿಕ್ ಪಿಲ್ಸ್’ ಅಂತಿದೆ, ಒಳಗೆ ಏಳೆಂಟು ಮಾತ್ರೆ. ಅಪ್ಪನಿಗೂ ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲು ಊದಿ ನೋಯುವ ಕಾಯಿಲೆ. ಅವರ ಯೂರಿಕ್ ಆಸಿಡ್ 8.6, ಇರಬೇಕಾದ್ದಕ್ಕಿಂತ ಜಾಸ್ತಿ. ಕಾಲಿನ ಹೆಬ್ಬೆರಳು ಊದಿದೆ, ಹೊದಿಕೆ ತಾಗಿದರೂ ಕೂಗುತ್ತಾರೆ. ‘ಹಳೇ ಕಾಲದ ಮಾಲು, ಒಂದು ನುಂಗಿ ನೋಡ್ತೇನೆ’ ಅಂತ ಹಠ. ಕೊಡಬಹುದಾ?

ಉತ್ತರ (ಫಾರ್ಮಸಿಸ್ಟ್, ಮಾಟುಂಗ): ಬೇಡವೇ ಬೇಡ. ಮೊದಲು ಆ ಡಬ್ಬಿಯನ್ನು ಅವರ ಕೈಗೆ ಸಿಗದ ಹಾಗೆ ಇಡಿ.

ಅದು ಬರೀ ಸಕ್ಕರೆ ಗುಳಿಗೆ ಅಂತ ನಾನು ಹೇಳುತ್ತಿಲ್ಲ. ಒಳಗೇನಿದೆ ಅಂತ ಹೇಳದೆ ಮಾರುತ್ತಿದ್ದ ಆ ಕಾಲದ ಪೇಟೆಂಟ್ ಔಷಧಿಗಳಲ್ಲಿ ಹೆಚ್ಚಿನವು ಬೊಗಳೆ, ಒಂದೇ ಬಾಟಲಿ ಹಲ್ಲುನೋವಿಗೂ ಅಜೀರ್ಣಕ್ಕೂ! ಆದರೆ ಗೌಟಿನದ್ದು ಬೇರೆ ಕಥೆ. ಫ್ರಾನ್ಸಿನ ಹುಸ್ಸೋಂ ಎಂಬ ಸೈನ್ಯಾಧಿಕಾರಿ 18ನೇ ಶತಮಾನದಲ್ಲಿ ಗುಟ್ಟಿನ ನೀರೊಂದನ್ನು ಮಾರುತ್ತಿದ್ದ. ನೋವು ನಿಜವಾಗಿಯೂ ಇಳಿಯುತ್ತಿತ್ತು. ಅದರಲ್ಲಿದ್ದದ್ದು ಕೊಲ್ಚಿಕಮ್ ಗಿಡ ಅಂತ 1814ರ ಸುಮಾರಿಗೆ ಹೊರಬಂತು. ಇಂಗ್ಲೆಂಡಿನ ಬ್ಲೇರ್ಸ್ ಎಂಬ ಗೌಟ್ ಮಾತ್ರೆಯಲ್ಲೂ ಅದೇ. ಇವತ್ತು ಡಾಕ್ಟರು ಬರೆಯುವ ಕೊಲ್ಚಿಸಿನ್ ಕೂಡ ಅದರದ್ದೇ ಸತ್ವ, ಮಾತ್ರೆ 0.5 ಮಿಲಿಗ್ರಾಂ, ಅಷ್ಟೇ. ಸ್ವಲ್ಪ ಜಾಸ್ತಿಯಾದರೆ ವಾಂತಿ, ಭೇದಿ. ಇನ್ನೂ ಹೆಚ್ಚಾದರೆ ಜೀವಕ್ಕೇ ಅಪಾಯ. ನಿಮ್ಮ ಡಬ್ಬಿಯಲ್ಲಿ ಎಷ್ಟಿದೆ ಅಂತ ಯಾರು ಹೇಳಬೇಕು?

ಅಪ್ಪನನ್ನು ಇವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಕಿಡ್ನಿ ತೊಂದರೆ ಇದ್ದರೆ, ಹೃದಯಕ್ಕೆ ಸಣ್ಣ ಆಸ್ಪಿರಿನ್ ತಗೊಳ್ಳುತ್ತಿದ್ದರೆ ಮರೆಯದೆ ಹೇಳಿ. ಆ ಆಸ್ಪಿರಿನ್ ಯೂರಿಕ್ ಆಸಿಡ್ ಏರಿಸಬಲ್ಲದು. ಹಾಗಂತ ನೀವೇ ನಿಲ್ಲಿಸಬೇಡಿ.

ಪ್ರಶ್ನೆ (ಮುಲುಂಡ್): ನ್ಯಾಷನಲ್ ಪಾರ್ಕಿನಲ್ಲಿ ಮಳೆಗಾಲಕ್ಕೆ ಅಗ್ನಿಶಿಖೆ ಅರಳುತ್ತದಲ್ವಾ, ಅದರ ಗೆಡ್ಡೆಯಲ್ಲೂ ಇದೇ ಔಷಧ ಇದೆಯಂತೆ?

ಉತ್ತರ: ಇದೆ. ಅದಕ್ಕೇ ಗೆಡ್ಡೆ ಮುಟ್ಟಬೇಡಿ, ಅದು ತಿಂದು ಸತ್ತವರಿದ್ದಾರೆ. ಹೂವಿನ ಫೋಟೊ ತೆಗೆಯಿರಿ ಸಾಕು.

ಪ್ರಶ್ನೆ (ಡೊಂಬಿವಲಿ): ಸರಿ ಅಣ್ಣ, ಹೊರಡ್ತಾ ಇದ್ದೇವೆ. ಅಲ್ಲಿತನಕ ಅಮೃತಾಂಜನ ಹಚ್ಚಲಾ?

ಉತ್ತರ: 1893ರಲ್ಲಿ ನಮ್ಮ ಮುಂಬಯಿಯಲ್ಲೇ ಹುಟ್ಟಿದ್ದು ಅದು, ನನಗೂ ಅಭಿಮಾನ ಇದೆ. ತಲೆನೋವಿಗೆ ಸರಿ. ಊದಿದ ಬೆರಳನ್ನು ಮಾತ್ರ ಸುಮ್ನೆ ತಿಕ್ಕಬೇಡಿ, ನೋವು ಇನ್ನೂ ಕೆರಳುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ದಿಂಬಿನ ಮೇಲೆ ಎತ್ತಿಡಿ. ಮಾತ್ರೆಗಳನ್ನು ನನ್ನ ಅಂಗಡಿಗೆ ತನ್ನಿ, ಕಸಕ್ಕೆ ಹಾಕಬೇಡಿ. ಖಾಲಿ ಡಬ್ಬಿಯಲ್ಲಿ ಗುಂಡಿ, ಸೂಜಿ ಹಾಕಿಟ್ಟುಕೊಳ್ಳಿ. ಅಡಿಕೆ ಮಾತ್ರ ಬೇಡ.