ತಾಲೀಮು: ಕಲಿಸುವುದೋ, ಪ್ರದರ್ಶನಕ್ಕೆ ಮುಂಚಿನ ಅಭ್ಯಾಸವೋ?

ಮಾನ್ಯರೇ,

ಧಾರವಾಡದಲ್ಲಿ ಶನಿವಾರ, ಭಾನುವಾರ ಮಕ್ಕಳ ನಾಟಕ ಶಾಲೆ ನಡೆಸುತ್ತೇನೆ. ಮುಂದಿನ ಅವಧಿಯ ಪ್ರವೇಶಪತ್ರ ಅಚ್ಚಿಗೆ ಹೋಗಬೇಕು. ಅದರಲ್ಲಿ ಒಂದೆಡೆ ಯಾವ ಪದ ಹಾಕಬೇಕೆಂದು ತೋಚದೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಲ್ಲಿ ನಡೆಯುವ ಕೆಲಸ ಎರಡು ಬಗೆಯದು. ವರ್ಷದ ಹೆಚ್ಚಿನ ಭಾಗ ಕೈಯಲ್ಲಿ ಯಾವ ನಾಟಕವೂ ಇರುವುದಿಲ್ಲ. ಓಡುತ್ತಿದ್ದವರು ಚಪ್ಪಾಳೆ ಕೇಳಿದೊಡನೆ ಕಲ್ಲಾಗಿ ನಿಲ್ಲುವುದು, ಎದುರಿಗಿರುವವರಿಗೆ ಕನ್ನಡಿಯಾಗುವುದು, ಕಿರುಚದೆ ಹಿಂದಿನ ಗೋಡೆಯವರೆಗೆ ಮಾತು ಮುಟ್ಟಿಸುವುದು, ಒಂದೇ ಕೋಲನ್ನು ಕೊಳಲೆಂದೂ ಹುಟ್ಟೆಂದೂ ಅಜ್ಜನ ಊರುಗೋಲೆಂದೂ ನಂಬಿಸುವುದು, ಹೀಗೆ. ಕೊನೆಯ ಕೆಲವು ವಾರ ಮಾತ್ರ ಒಂದು ನಾಟಕ ಹಿಡಿದು, ಪಾತ್ರ ಹಂಚಿ, ಪ್ರದರ್ಶನದವರೆಗೆ ತಿದ್ದುತ್ತೇವೆ. ಈ ಎರಡನೆಯದನ್ನು ರಂಗಭೂಮಿಯವರು 'ತಾಲೀಮು' ಎನ್ನುತ್ತಾರೆ. ಮೊದಲನೆಯದನ್ನು ಏನೆನ್ನಬೇಕು?

'ತರಗತಿ' ಎಂದು ಬರೆದರೆ ಮಕ್ಕಳು ನೋಟ್‌ಬುಕ್ ಹೊತ್ತು ಬರುತ್ತಾರೆ. 'ತರಬೇತಿ'ಗೆ ಇಲಾಖೆಯ ಸುತ್ತೋಲೆಯ ವಾಸನೆಯಿದೆ. 'ಶಿಬಿರ' ಬೇಸಿಗೆಯ ಸ್ವತ್ತಾಗಿಬಿಟ್ಟಿದೆ. ಮೈಸೂರು ರಂಗಾಯಣದ ಚಿಣ್ಣರ ಮೇಳದಿಂದ ಹಿಡಿದು ಊರೂರಿನ ಶಿಬಿರಗಳವರೆಗೆ ಎಲ್ಲವೂ ಶಾಲೆ ತೆರೆಯುವ ಮುನ್ನ ಮುಗಿಯುವಂಥವು. 'ಪೂರ್ವಾಭ್ಯಾಸ' ಪತ್ರಿಕೆಗಳ ಪದ. ಒಬ್ಬ ನಟ ಇನ್ನೊಬ್ಬನನ್ನು ಪೂರ್ವಾಭ್ಯಾಸಕ್ಕೆ ಕರೆದದ್ದನ್ನು ನಾನಂತೂ ಕೇಳಿಲ್ಲ. ಹೋಗಲಿ, ಎರಡಕ್ಕೂ 'ತಾಲೀಮು' ಎನ್ನೋಣವೆಂದರೆ ತಂದೆತಾಯಿಗಳ ಪ್ರಶ್ನೆ ಸಿದ್ಧವಾಗಿರುತ್ತದೆ: "ಯಾವ ನಾಟಕ? ನಮ್ಮ ಹುಡುಗಿಗೆ ಯಾವ ಪಾರ್ಟು?"

ಆದರೆ ಈ ಪದದ ಮೂಲಾರ್ಥದಲ್ಲಿ ನಾಟಕವೂ ಇಲ್ಲ, ಪ್ರದರ್ಶನವೂ ಇಲ್ಲ. ಅರಬ್ಬಿಯ ಈ ಪದ 'ಇಲ್ಮ್', ಅಂದರೆ ಅರಿವು, ಎಂಬುದರ ಬಳಗಕ್ಕೆ ಸೇರಿದ್ದು. ಅರ್ಥ ಕಲಿಸುವುದು, ಶಿಕ್ಷಣ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ 'ನಯೀ ತಾಲೀಮ್'ನಲ್ಲಿ ಇರುವುದು ಇದೇ ಅರ್ಥ. ನಮ್ಮ ಊರಿನ ಸಂಗೀತಗಾರರಲ್ಲೂ ಅದು ಜೀವಂತವಾಗಿದೆ: ಗುರುವಿನ ಎದುರು ಕುಳಿತು ಕಲಿಯುವುದು ತಾಲೀಮು, ಮನೆಯಲ್ಲಿ ಒಬ್ಬರೇ ಕುಳಿತು ತಿಕ್ಕುವುದು ರಿಯಾಜ್. ಇವೆರಡನ್ನು ಅವರು ಎಂದೂ ಕಲಸುವುದಿಲ್ಲ.

ಎರಡು ಅರ್ಥಗಳ ಅಂತರ ನನಗೆ ಸ್ಪಷ್ಟವಾಗಿ ಕಂಡದ್ದು ಕ್ರಿಯಾಪದಗಳಲ್ಲಿ. ಸಂಗೀತದಲ್ಲಿ ತಾಲೀಮನ್ನು ಗುರು ಕೊಡುತ್ತಾರೆ, ಶಿಷ್ಯ ಪಡೆಯುತ್ತಾನೆ. ನಾಟಕದಲ್ಲಿ ಯಾರೂ ಕೊಡುವುದಿಲ್ಲ, ಪಡೆಯುವುದೂ ಇಲ್ಲ; ತಾಲೀಮು ಮಾಡುತ್ತಾರೆ, ನಡೆಸುತ್ತಾರೆ, ಮುಗಿಸುತ್ತಾರೆ. ಗರಡಿಯಲ್ಲೂ 'ಮಾಡು' ಎಂದೇ ಬಳಕೆ. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು, ಮುಂದೆ ಮಂಜೀಖಾನ್ ಮತ್ತು ಬುರ್ಜೀಖಾನರಲ್ಲಿ ಹಿಂದುಸ್ತಾನಿ ಸಂಗೀತ ಕಲಿತವರು. ಅವರ ಕಿವಿಗೆ ಈ ಎರಡೂ ತಾಲೀಮುಗಳು ಬಿದ್ದಿರಲೇಬೇಕು.

ನಾಟಕದವರ ಅರ್ಥ ಮರಾಠಿಯಿಂದ ಬಂದಿರಬಹುದೆಂದು ನನ್ನ ಊಹೆ. ಮರಾಠಿಯಲ್ಲಿ 'ತಾಲೀಮ್' ಎಂದರೆ ಕುಸ್ತಿಯ ಮನೆಯೂ ಹೌದು, ನಾಟಕದ ಅಭ್ಯಾಸವೂ ಹೌದು. ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಠಿ ಮಂಡಳಿಗಳು ನಮ್ಮ ಕಡೆ ತಿರುಗುತ್ತಿದ್ದವು. ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಕ್ಕೆ ಕೈಹಾಕಿದ್ದೇ ಅವುಗಳ ಅಬ್ಬರ ಕಂಡು. ಅತ್ತ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಆಡಿಸಿದ್ದು ಕರ್ನಾಟಕದಿಂದ ಹೋದ ಭಾಗವತ ಮೇಳದ ಆಟದ ಪ್ರೇರಣೆಯಿಂದ. ನನ್ನ ಊಹೆ ಸರಿಯಿದ್ದರೆ ನಾವು ಆಟ ಕೊಟ್ಟು ತಾಲೀಮು ತಂದಿದ್ದೇವೆ. ಲೆಕ್ಕ ಚುಕ್ತಾ ಆಯಿತೇ ಎಂಬುದನ್ನು ಬಲ್ಲವರು ಹೇಳಬೇಕು.

ಕರಾವಳಿಯ ಯಕ್ಷಗಾನದಿಂದ ಪದ ಎರವಲು ತರೋಣವೆಂದು ನೋಡಿದೆ. ಅಲ್ಲಿ ಕಷ್ಟವೇ ಬೇರೆ. ಹೆಜ್ಜೆ ಕಲಿಯುತ್ತಾರೆ, ತಾಳ ಕಲಿಯುತ್ತಾರೆ. ಆದರೆ ವೃತ್ತಿಮೇಳದ ಪ್ರಸಂಗಕ್ಕೆ ನಮ್ಮ ಅರ್ಥದ ತಾಲೀಮು ಸಾಮಾನ್ಯವಾಗಿ ಇಲ್ಲವೇ ಇಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಪಾತ್ರಧಾರಿ ಅಲ್ಲಿಯೇ ಮಾತು ಕಟ್ಟುತ್ತಾನೆ. ಮೇಳ ಸೇರಿದ ಹುಡುಗ ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಆಮೇಲೆ ದೊಡ್ಡ ವೇಷಗಳತ್ತ ಏರುತ್ತಿದ್ದ. ಕಲಿಕೆಯನ್ನು ಪ್ರದರ್ಶನದ ಹೊಟ್ಟೆಯೊಳಗೇ ಇಟ್ಟುಕೊಂಡ ಕಲೆಗೆ ನನ್ನ ಎರಡು ಪದಗಳ ಗೋಜು ಯಾಕೆ ಬೇಕು? ಹಳೆಯ ಮೈಸೂರಿನ ಹಳ್ಳಿಗಳಲ್ಲೂ ಅಷ್ಟೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಪೌರಾಣಿಕ ನಾಟಕವನ್ನು 'ಕಲಿಸುತ್ತಾರೆ', ಊರವರು 'ನಾಟಕ ಕಲಿಯುತ್ತಾರೆ'. ಹಾಡು, ಮಾತು, ನಿಲುವು, ಅಭ್ಯಾಸ ಎಲ್ಲವೂ ಆ ಒಂದು ಕ್ರಿಯಾಪದದಲ್ಲಿ ಅಡಕ.

ನಮ್ಮ ಮಕ್ಕಳು ಮಾತ್ರ ಸಮಸ್ಯೆಯನ್ನು ತಮ್ಮ ಮಟ್ಟಿಗೆ ಬಗೆಹರಿಸಿಕೊಂಡಿದ್ದಾರೆ. "ಇವತ್ತು ಆಟವೋ, ನಾಟಕವೋ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಆದರೆ ಪ್ರವೇಶಪತ್ರದಲ್ಲಿ 'ಆಟದ ಶುಲ್ಕ' ಎಂದು ಮುದ್ರಿಸಿದರೆ ಎಷ್ಟು ಅಪ್ಪಂದಿರು ಸಹಿ ಹಾಕಿಯಾರು?

'ಸಾಮು', ಅಂದರೆ ಗರಡಿಯ ಕಸರತ್ತು, ಎಂಬ ಹಳೆಯ ಪದವನ್ನು ಸ್ನೇಹಿತರೊಬ್ಬರು ಸೂಚಿಸಿದರು. ಮೈಗೆ ಸರಿ. ದನಿಗೆ, ಕಲ್ಪನೆಗೆ ಅದು ಒರಟಾಯಿತು.

ಸದ್ಯ ನನ್ನ ಒಲವು ಹೀಗಿದೆ: ವರ್ಷವಿಡೀ ನಡೆಯುವ ಕಲಿಕೆಗೆ 'ತಾಲೀಮು', ಕೊನೆಯ ವಾರಗಳಿಗೆ 'ನಾಟಕ ಕಟ್ಟುವುದು'. ಎರಡನೆಯದು ಈಗಾಗಲೇ ತಂಡಗಳ ಬಾಯಲ್ಲಿದೆ. ಮೊದಲನೆಯದನ್ನು ಸಂಗೀತದವರಂತೆ 'ಕೊಡು', 'ಪಡೆ'ಗಳ ಜೊತೆ ಬಳಸಿದರೆ, 'ಇಲ್ಲಿ ಮಕ್ಕಳಿಗೆ ರಂಗತಾಲೀಮು ಕೊಡಲಾಗುತ್ತದೆ' ಎಂದರೆ, ಯಾವ ನಾಟಕ ಎಂಬ ಪ್ರಶ್ನೆ ಏಳದೇ ಇರಬಹುದು. ಹಿರಿಯ ರಂಗಕರ್ಮಿಗಳು ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಬಲ್ಲವರು ದಯವಿಟ್ಟು ತಿಳಿಸಿ. ಕಂಪನಿ ನಾಟಕಗಳ ಕಾಲದ ಕರಪತ್ರಗಳಲ್ಲಿ, ನಟರ ಆತ್ಮಕಥೆಗಳಲ್ಲಿ 'ತಾಲೀಮು ಕೊಡು' ಎಂಬ ಪ್ರಯೋಗ ನಾಟಕದ ಸಂದರ್ಭದಲ್ಲಿ ಕಂಡದ್ದುಂಟೇ? ಉರ್ದು ಬಳಕೆ ಹೆಚ್ಚಿರುವ ಕಲಬುರಗಿ, ಬೀದರ್ ಕಡೆ ಕನ್ನಡ ಮಾತನಾಡುವಾಗ 'ತಾಲೀಮು' ಎಂದರೆ ಮೊದಲು ಹೊಳೆಯುವುದು ಶಾಲೆಯೋ ನಾಟಕವೋ? ಕಾಸರಗೋಡಿನವರು, ಮುಂಬಯಿ ಕನ್ನಡಿಗರು ಏನೆನ್ನುತ್ತಾರೆ? ದಸರೆಯ ರಜೆಗೆ ಮುಂಚೆ ಉತ್ತರ ಬಂದರೆ ಪ್ರವೇಶಪತ್ರಕ್ಕೆ ಒದಗುತ್ತದೆ.