ಕೇಟ್ಲಿನ್ ಕ್ಲಾರ್ಕ್ ಹೆಸರು ಮಾಡಿದ್ದು ಬರೀ ದೂರದ ಶಾಟ್‌ನಿಂದಲೇನಾ?

ತಡವಾಗಿ ಬಂದವಳು:
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕ್ಲಾರ್ಕ್ ಆಟ ನಾನು ನೋಡೋಕೆ ಶುರು ಮಾಡಿದ್ದೇ ಅವಳು ವೃತ್ತಿಪರ ತಂಡ ಇಂಡಿಯಾನಾ ಫೀವರ್ ಸೇರಿದ ಮೇಲೆ. ಅಯೋವಾ ವಿಶ್ವವಿದ್ಯಾಲಯದ ದಿನಗಳು ಪೂರ್ತಿ ತಪ್ಪಿಹೋಗಿವೆ. ಈಗ ಹಳೆಯ ವೀಡಿಯೊ ಹುಡುಕಿದರೆ ಎಲ್ಲದರಲ್ಲೂ ಅದೇ. ಅಂಗಳದ ನಡುವಿನ ಲೋಗೋ ಹತ್ತಿರದಿಂದ ಎಸೆಯುತ್ತಾಳೆ, ಬೀಳುತ್ತದೆ, ಜನ ಹುಚ್ಚೆದ್ದು ಕುಣಿಯುತ್ತಾರೆ. ಇಷ್ಟಕ್ಕೇ ಅಷ್ಟು ದೊಡ್ಡ ಹೆಸರು ಬಂತಾ? ಇನ್ನೊಂದು, ಕಾಲೇಜು ಆಟದಲ್ಲಿ ಅವಳು ಮಾಡಿದ 3,951 ಪಾಯಿಂಟ್ ದಾಖಲೆಯ ಮಾತು ಬಂದಾಗಲೆಲ್ಲ ಯಾರಾದರೂ ಜಗಳಕ್ಕೆ ನಿಲ್ಲುತ್ತಾರೆ. ಅದರಲ್ಲಿ ಜಗಳ ಆಡುವಂಥದ್ದು ಏನಿದೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಪಾಸ್ ಪ್ರಿಯ:
ವೀಡಿಯೊ ತುಣುಕು ನೋಡಿದರೆ ಹಾಗೇ ಅನಿಸೋದು, ನಿಮ್ಮ ತಪ್ಪಲ್ಲ. ಶಾಟ್ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಪಾಸ್ ಯಾಕೆ ಚೆನ್ನಾಗಿತ್ತು ಅಂತ ಗೊತ್ತಾಗಬೇಕಾದರೆ ಅದಕ್ಕೆ ಹಿಂದಿನದೂ ನೋಡಿರಬೇಕು. 2021-22ರಲ್ಲಿ ಅವಳು ಇಡೀ ಅಮೆರಿಕದಲ್ಲಿ ಪಾಯಿಂಟ್‌ನಲ್ಲೂ ಮೊದಲು, ಅಸಿಸ್ಟ್‌ನಲ್ಲೂ (ಜೊತೆಯವರು ಪಾಯಿಂಟ್ ಗಳಿಸಲು ಕೊಟ್ಟ ಪಾಸ್) ಮೊದಲು. ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆಯಾದ ಡಿವಿಷನ್ 1ರ ಮಹಿಳಾ ಆಟದಲ್ಲಿ ಒಂದೇ ಸೀಸನ್‌ನಲ್ಲಿ ಎರಡನ್ನೂ ಮಾಡಿದವರು ಅದಕ್ಕೂ ಮುಂಚೆ ಯಾರೂ ಇರಲಿಲ್ಲ.

ಇದಕ್ಕೂ ಆ ದೂರದ ಶಾಟ್‌ಗೂ ನಂಟಿದೆ. ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್ ಸಿಗುವ ತ್ರೀ ಪಾಯಿಂಟ್ ಗೆರೆಯಿಂದ ಮೂರು ನಾಲ್ಕು ಹೆಜ್ಜೆ ಆಚೆ ನಿಂತಿದ್ದರೂ ಅವಳನ್ನು ಸುಮ್ನೆ ಬಿಡುವ ಹಾಗಿಲ್ಲ, ಎದುರಾಳಿ ಅಲ್ಲಿಯವರೆಗೂ ಬಂದು ಕಾಯಲೇಬೇಕು, ಒಬ್ಬಳಿಂದ ಆಗಲ್ಲ ಅಂತ ಇಬ್ಬರು ಬರುತ್ತಾರೆ, ಅಲ್ಲಿಗೆ ಉಳಿದ ಜಾಗದಲ್ಲಿ ಅಯೋವಾದ ನಾಲ್ವರಿಗೆ ಮೂವರೇ ಅಡ್ಡ. ಬ್ಯಾಸ್ಕೆಟ್ ಕೆಳಗೆ ಅವಳ ತಂಡದ ಮೋನಿಕಾ ಸಿನಾನೋ ಕೈಯೆತ್ತಿ ನಿಂತಿರುತ್ತಿದ್ದಳು. ಕಾಯುವವಳು ತಿರುಗಿ ನೋಡುವಷ್ಟರಲ್ಲಿ ಚೆಂಡು ಸಿನಾನೋ ಕೈಯಲ್ಲಿ. ಸಿಕ್ಸರ್‌ಗೆ ಹೆದರಿ ಫೀಲ್ಡರ್‌ಗಳನ್ನೆಲ್ಲ ಬೌಂಡರಿಗೆ ಕಳಿಸಿದರೆ ಒಂಟಿ ರನ್ ಬಿಟ್ಟಿ ಸಿಗುತ್ತದಲ್ವಾ, ಹೆಚ್ಚುಕಡಿಮೆ ಅದೇ ಲೆಕ್ಕ.

ಇನ್ನು ಇವಳು ದಿಢೀರನೆ ಎದ್ದು ಬಂದವಳೇನೂ ಅಲ್ಲ. ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 26.6 ಪಾಯಿಂಟ್, ಆಗಲೂ ದೇಶಕ್ಕೇ ಮೊದಲು. ಆದರೆ ಅದು ಕೋವಿಡ್ ವರ್ಷ, ಗ್ಯಾಲರಿ ಹೆಚ್ಚುಕಡಿಮೆ ಖಾಲಿ. ಅದೇ ಹುಡುಗಿಯ ಆಟ ನೋಡೋಕೆ 2023ರ ಅಕ್ಟೋಬರ್‌ನಲ್ಲಿ, ಅದೂ ಲೆಕ್ಕಕ್ಕೆ ಬಾರದ ಒಂದು ಪ್ರದರ್ಶನ ಪಂದ್ಯಕ್ಕೆ, ಫುಟ್‌ಬಾಲ್ ಸ್ಟೇಡಿಯಂನಲ್ಲಿ 55,646 ಜನ ಕೂತಿದ್ದರು!

ಲೆಕ್ಕದ ಮೇಷ್ಟ್ರು:
ಜಗಳದ ವಿಷಯ ನನಗೆ ಬಿಡಿ, ಆ ಜಗಳ ಮಾಡುವವರಲ್ಲಿ ನಾನೂ ಒಬ್ಬ.

2024ರ ಫೆಬ್ರವರಿ 15ರಂದು ಮಿಷಿಗನ್ ವಿರುದ್ಧ ಅವಳು ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಪುಸ್ತಕದಲ್ಲಿ ಕೆಲ್ಸಿ ಪ್ಲಮ್ ಹೆಸರಲ್ಲಿದ್ದ ಮಹಿಳಾ ದಾಖಲೆ 3,527 ದಾಟಿದಳು. ಅವತ್ತು ಬೇಕಿದ್ದದ್ದು 8 ಪಾಯಿಂಟ್, ಹೊಡೆದದ್ದು 49. ಟಿವಿಯಲ್ಲೆಲ್ಲ ದಾಖಲೆ ದಾಖಲೆ ಅಂತ ಕೂಗಿದರು. ಆದರೆ ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ 1977ರಿಂದ 1981ರವರೆಗೆ ಆಡಿ 3,649 ಗಳಿಸಿದ್ದರು, ಅದೂ ತ್ರೀ ಪಾಯಿಂಟ್ ಗೆರೆಯೇ ಇಲ್ಲದ ಕಾಲದಲ್ಲಿ, ಗಂಡಸರು ಆಡುವ ದೊಡ್ಡ ಚೆಂಡಿನಲ್ಲಿ. ಆಗ ಮಹಿಳಾ ಕ್ರೀಡೆ ಎಐಎಡಬ್ಲ್ಯು ಅನ್ನುವ ಬೇರೆ ಸಂಸ್ಥೆಯ ಕೈಯಲ್ಲಿತ್ತು, ಎನ್‌ಸಿಎಎ ಕಾಲಿಟ್ಟದ್ದು ಆಮೇಲೆ. ಅದಕ್ಕೇ ಅವರ ಪಾಯಿಂಟ್‌ಗಳು ಎನ್‌ಸಿಎಎ ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಇಲ್ಲ ಅಂದರೆ ಆಡಲೇ ಇಲ್ಲ ಅಂತನಾ? ನನಗೆ ಸಿಟ್ಟು ಬರೋದು ಅಲ್ಲೇ.

ಕ್ಲಾರ್ಕ್ 13 ದಿನದಲ್ಲಿ ಅದನ್ನೂ ದಾಟಿದಳು, ಮಾರ್ಚ್ 3ಕ್ಕೆ ಗಂಡಸರ ದಾಖಲೆಯಾದ ಪೀಟ್ ಮಾರವಿಚ್‌ನ 3,667 ಕೂಡ. ಮಾರವಿಚ್ ಆಡಿದ್ದು ಮೂರೇ ವರ್ಷ, 83 ಪಂದ್ಯ. ಇವಳದ್ದು 139. ಸಣ್ಣ ಕಾಲೇಜುಗಳನ್ನೂ ಸೇರಿಸಿದರೆ ಪರ್ಲ್ ಮೂರ್ ಅವರ 4,061 ಇವತ್ತಿಗೂ ಮೇಲೆಯೇ ಇದೆ. ಕ್ಲಾರ್ಕ್ ಮೇಲೆ ನನಗೆ ಕೋಪ ಇಲ್ಲ. ಹಳಬರ ಹೆಸರು ಹೇಳದೆ ದಾಖಲೆ ಅಂತ ಕೂಗುವವರ ಮೇಲೆ ಇದೆ.

ಬೆಂಚ್ ಮೇಲಿಂದ:
ಎಲ್ಲ ಸರಿ ಗುರು, ಕಪ್ ಎಲ್ಲಿ? 2023ರ ರಾಷ್ಟ್ರೀಯ ಕಾಲೇಜು ಟೂರ್ನಿ ಫೈನಲ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಎದುರು 102-85 ಸೋಲು. 2024ರಲ್ಲಿ ಸೌತ್ ಕೆರೊಲಿನಾ ಎದುರು 87-75. ಎರಡನೆಯದರಲ್ಲಿ ಮೊದಲ ಕ್ವಾರ್ಟರ್‌ನಲ್ಲೇ 18 ಹೊಡೆದಳು, ಉಳಿದ ಮೂರರಲ್ಲಿ ಸೇರಿ 12. ಚೆಂಡು ಕಳೆದುಕೊಳ್ಳುವ ಚಾಳಿಯೂ ಜಾಸ್ತಿ.

ಪಾಸ್ ಪ್ರಿಯ:
ಚೆಂಡು ಕಳೆದುಕೊಳ್ಳುತ್ತಾಳೆ, ಒಪ್ಪಿದೆ. ಸಿಗದ ಸಂದಿಯಲ್ಲೂ ಪಾಸ್ ತೂರಿಸುವ ಆಸೆ. ಆದರೆ ಆ ಫೈನಲ್‌ನಲ್ಲಿ ಬೆಂಚ್‌ನಿಂದ ಬಂದವರ ಪಾಯಿಂಟ್ ನೋಡಿ: ಸೌತ್ ಕೆರೊಲಿನಾ 37, ಅಯೋವಾ ಸೊನ್ನೆ. ಎದುರು ತಂಡ ಆ ಸೀಸನ್ ಒಂದೂ ಸೋತಿಲ್ಲ, 38-0. ಕಪ್ ಒಬ್ಬಳ ಕೈಯಲ್ಲಿ ಇರುತ್ತಾ?

ತಡವಾಗಿ ಬಂದವಳು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮೇಷ್ಟ್ರೇ, ವುಡರ್ಡ್ ಹೆಸರು ನಾನು ಕೇಳಿಯೇ ಇರಲಿಲ್ಲ. ಒಂದೇ ಒಂದು ಪಂದ್ಯ ಪೂರ್ತಿ ನೋಡಬೇಕು ಅಂದರೆ ಯಾವುದು?

ಲೆಕ್ಕದ ಮೇಷ್ಟ್ರು:
2023ರ ಸೆಮಿಫೈನಲ್. 42 ಪಂದ್ಯ ಸತತವಾಗಿ ಗೆದ್ದು ಬಂದಿದ್ದ ಸೌತ್ ಕೆರೊಲಿನಾವನ್ನು 77-73ಕ್ಕೆ ಮುಗಿಸಿದ್ದು. ಕ್ಲಾರ್ಕ್‌ದೇ 41.

ಪಾಸ್ ಪ್ರಿಯ:
ನಾನಾದರೆ ಅದಕ್ಕಿಂತ ಒಂದು ಪಂದ್ಯ ಹಿಂದಿನದು ಹೇಳುತ್ತೇನೆ, ಲೂಯಿವಿಲ್ ವಿರುದ್ಧದ್ದು. ಅದರಲ್ಲೂ 41 ಪಾಯಿಂಟ್, ಜೊತೆಗೆ 10 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 12 ಅಸಿಸ್ಟ್. ಆ 41 ಮರೆತುಬಿಡಿ, 12 ಪಾಸ್ ಮಾತ್ರ ಎಣಿಸುತ್ತಾ ಹೋಗಿ. ಹಾಂ, ಟಿವಿ ಸದ್ದು ಆರಿಸಿಕೊಳ್ಳಿ, ಕಾಮೆಂಟರಿಯವರು ಬಿಡಲ್ಲ.